ಏಣಿಯನ್ನು ಏನು ಮಾಡಿರಬಹುದು?

ಚರಿತ್ರೆಯ ಒಂದು ದಿನವನ್ನು ನೆನಪಿಸಿ, ಅದರ ಬಗ್ಗೆ ಪುಟ್ಟ ಮಕ್ಕಳಿಂದ ದಿನವೂ ನಾಲ್ಕೈದು ಸಾಲು ಬರೆಸುವ ಪ್ರಶ್ನೆಯನ್ನು ಪ್ರೇರಣಾ ಪ್ರಶ್ನೆ ಎನ್ನಬಹುದಾಗಿದ್ದು, ಅದರ ಸತ್ವವಿರುವುದು ಘಟನೆಯ ಹಿರಿಮೆಯಲ್ಲಲ್ಲ, ಪ್ರಶ್ನೆಯ ಕಿರಿದುತನದಲ್ಲಿ. ಆಗಸ್ಟ್ 5ರ ಉದಾಹರಣೆಯನ್ನೇ ನೋಡಬಹುದು. ಕಾವೇರಿಯ ಧುಮುಕುವ ನೀರಿನಿಂದ ವಿದ್ಯುತ್ ಉತ್ಪಾದಿಸುವ ಶಿವನಸಮುದ್ರದ ಕೇಂದ್ರವು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಶಕ್ತಿ ಒದಗಿಸತೊಡಗಿದ ಮೂರು ವರ್ಷಗಳ ಬಳಿಕ, 1905ರ ಆ ದಿನ, ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು. ವಿದ್ಯುತ್ತಿನ ಮಹತ್ವವನ್ನು ವಿವರಿಸುವಂತೆ ಕೇಳಿದರೆ ಏಳು ವರ್ಷದ ಮಗು ಪಠ್ಯಪುಸ್ತಕದ ವಾಕ್ಯವನ್ನೇ ಒಪ್ಪಿಸುತ್ತದೆ; ಅದೇ, ಮುಸ್ಸಂಜೆಯಲ್ಲಿ ಏಣಿ ಹೊತ್ತು ಬಂದು, ಗಾಜಿನ ಮಸಿ ಒರೆಸಿ ಎಣ್ಣೆದೀಪ ಹಚ್ಚುತ್ತಿದ್ದವನೊಬ್ಬನನ್ನು ಕಲ್ಪಿಸಿಕೊಂಡು, ಅವನು ಮರುದಿನ ತನ್ನ ಏಣಿಯನ್ನು ಏನು ಮಾಡಿರಬಹುದು ಎಂದು ಕೇಳಿದರೆ, ಮಗುವಿನ ಪೆನ್ಸಿಲ್ಲು ಕ್ಷಣಕಾಲ ತಡೆದು, ಆಮೇಲೆ ತಾನಾಗಿ ಓಡುತ್ತದೆ. ಮಾವಿನ ಮರಕ್ಕೆ ಒರಗಿಸಿದ ಎಂಬ ಉತ್ತರವೂ ಬರಬಹುದು, ಅದು ತಪ್ಪೇನಲ್ಲ.

ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ರೂಪುಗೊಂಡ ಆರ್ಯಭಟ ಉಪಗ್ರಹವು ಸೋವಿಯತ್ ನೆಲದಿಂದ ಗಗನಕ್ಕೇರಿದ 1975ರ ಏಪ್ರಿಲ್ 19 ಕೂಡ ಇಂಥದೇ ದಿನವಾಗಿದ್ದು, ಅಷ್ಟು ದೂರ ಕಳುಹಿಸುವ ನಾಜೂಕಾದ ವಸ್ತುವನ್ನು ಹೇಗೆ ಕಟ್ಟಬೇಕೆಂಬ ಪ್ರಶ್ನೆಯೊಂದೇ ಪುಟ ತುಂಬಿಸಲು ಸಾಕು. ಬರೆದದ್ದನ್ನು ಮೊದಲು ಗಟ್ಟಿಯಾಗಿ ಓದಿಸಿ, ದೀರ್ಘ–ಒತ್ತಕ್ಷರಗಳ ತಿದ್ದುಪಡಿಯನ್ನು ಮರುದಿನಕ್ಕೆ ಉಳಿಸುವ ಶಿಕ್ಷಕರ ತರಗತಿಯಲ್ಲಿ, ‘ಎಣಿ’ ಎಂದು ಬರೆದ ಮಗುವೂ ಓದಲು ಎದ್ದು ನಿಲ್ಲುತ್ತದೆ.