ಸಂಕಲ್ಪದಲ್ಲಿ ನಮ್ಮ ಹೆಸರು

(ಶ್ರೀಗುರುರಾಜರ ಪೂರ್ವಾರಾಧನೆಯ ಸಂಜೆ ಕೋಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ನಮ್ಮ ಮನೆಗಳಲ್ಲಿ ಒಂದು ಮಾತು ಬಹು ಸುಲಭವಾಗಿ ಹೊರಡುತ್ತದೆ: “ಎಲ್ಲವೂ ಹರಿಚಿತ್ತ.” ಮಾತು ಸತ್ಯವೇ. ಆದರೆ ಅದನ್ನು ನಾವು ಯಾವಾಗ ಆಡುತ್ತೇವೆ? ಮಗನಿಗೆ ಒಳ್ಳೆಯ ಉದ್ಯೋಗ ದೊರೆತರೆ ಅದು ನಾವು ಓದಿಸಿದ ಫಲ. ಕಡತವೊಂದು ನಮ್ಮ ಮೇಜಿನ ಮೇಲೆಯೇ ಮೂರು ತಿಂಗಳು ಕೊಳೆತು ಯಾರೋ ವೃದ್ಧರ ಪಿಂಚಣಿ ತಡವಾದರೆ ಅದು ಅವರ ಪ್ರಾರಬ್ಧ! ಅಹಂಕಾರವನ್ನು ಕಳೆಯಲೆಂದು ಆಚಾರ್ಯರು ಕರುಣಿಸಿದ ಅನುಸಂಧಾನವನ್ನು ಹೊಣೆಯನ್ನು ಕಳಚಿಕೊಳ್ಳಲು ಬಳಸುವುದು ಯಾವ ನ್ಯಾಯ?

ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಜೀವನ ಕರ್ತೃತ್ವದ ವಿಚಾರ ಬಂದಿದೆ. ಜೀವನು ಕರ್ತನೇ ಅಲ್ಲವೆಂದರೆ ವಿಧಿನಿಷೇಧಗಳನ್ನು ಹೇಳುವ ಶಾಸ್ತ್ರಕ್ಕೆ ಅರ್ಥ ಉಳಿಯದು. ಅಲ್ಲಿ ಬರುವ ಬಡಗಿಯ ದೃಷ್ಟಾಂತವನ್ನು ಶ್ರೀಮದಾಚಾರ್ಯರು ವಿವರಿಸಿದ್ದಾರೆ. ಬಡಗಿಯು ಕೆಲಸ ಮಾಡಿಸುವವನ ಅಧೀನ; ಆದರೂ ಕೆಲಸ ಮಾಡುವವನು ಅವನೇ. ಬಾಗಿಲು ಸೊಟ್ಟಗಾದಾಗ “ನಾನು ಪರಾಧೀನ” ಎಂದರೆ ಯಾವ ಯಜಮಾನ ಒಪ್ಪಿಯಾನು?

ನಿತ್ಯಪೂಜೆಯಲ್ಲಿಯೂ ಇದೇ ಕ್ರಮ. ಕೊನೆಯಲ್ಲಿ ಕೃಷ್ಣಾರ್ಪಣ ಬಿಡುವ ಮೊದಲು ಸಂಕಲ್ಪವಿದೆ. ಸಂವತ್ಸರ, ತಿಥಿ, ಗೋತ್ರ, ಹೆಸರು ಎಲ್ಲವನ್ನೂ ಉಚ್ಚರಿಸಿ “ಕರಿಷ್ಯೇ” ಎನ್ನುತ್ತೇವೆ. ಹೆಸರು ಹೇಳಿ ಹೊತ್ತುಕೊಂಡದ್ದನ್ನು ಮಾತ್ರ ಅರ್ಪಿಸಬಹುದು. ಮಾಡದೆ ಬಿಟ್ಟ ಕೆಲಸವನ್ನು ಕೃಷ್ಣನಿಗೆ ಅರ್ಪಿಸುವ ವಿಧಿ ನಾನು ಎಲ್ಲಿಯೂ ಕಂಡಿಲ್ಲ.

ಮಾತು ಒಣ ವೇದಾಂತವಾಗದಿರಲಿ. ಕೋಠಿಯ ದಕ್ಷಿಣಕ್ಕೆ, ಸಮೀಪದಲ್ಲೇ ಹರಿಯುವ ಮೂಸಿಯನ್ನು ನೋಡಿ. 1908ರ ಸೆಪ್ಟೆಂಬರ್ 28ರಂದು ಅದು ಉಕ್ಕಿ ಸಾವಿರಾರು ಜನರನ್ನು ಕೊಚ್ಚಿಕೊಂಡು ಹೋಯಿತು. ಪುರಾನಾಪುಲ್ ಒಂದುಳಿದು ಮಿಕ್ಕ ಸೇತುವೆಗಳು ಮುರಿದವು. ನಿಜಾಮ್ ಮಹಬೂಬ್ ಅಲಿ ಖಾನರು ನದಿಗೆ ಪೂಜೆ ಸಲ್ಲಿಸಿದರೆಂದು ಜನ ಇಂದಿಗೂ ಹೇಳುತ್ತಾರೆ. ಅಷ್ಟಕ್ಕೇ ನಿಲ್ಲಲಿಲ್ಲ. ಮುಂಬಯಿ ಸರ್ಕಾರದ ಸೇವೆಯನ್ನು ಬಿಟ್ಟು ವಿದೇಶ ಪ್ರವಾಸದಲ್ಲಿದ್ದ ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರಿಗೆ ಕರೆ ಹೋಯಿತು. 1909ರಲ್ಲಿ ಬಂದ ಅವರು ಮಳೆಯನ್ನು ದೂರಿ ಕೂರಲಿಲ್ಲ. ನದಿಯ ಜಲಾನಯನದ ಕೆರೆಗಳನ್ನು ಲೆಕ್ಕ ಹಾಕಿದರು. 788 ಕೆರೆಗಳು, ಅವುಗಳಲ್ಲಿ ಒಡೆದವು 221! ಒಂದು ಕೆರೆಯ ಏರಿ ಒಡೆದರೆ ಅದರ ನೀರೆಲ್ಲ ಕೆಳಗಿನ ಕೆರೆಯ ಮೇಲೆ ಬೀಳುತ್ತದೆ. ಅವರು ಸೂಚಿಸಿದ ಮಾರ್ಗದಲ್ಲಿ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಪೂರ್ಣಗೊಂಡವು.

ಮಳೆ ಸುರಿಸುವುದು ನಮ್ಮ ಕೈಯಲ್ಲಿಲ್ಲ. ಮೋರಿಗೆ ಪ್ಲಾಸ್ಟಿಕ್ ಚೀಲ ತುರುಕುವ ಕೈ ಮಾತ್ರ ನಮ್ಮದೇ. 2020ರ ಅಕ್ಟೋಬರ್‌ನಲ್ಲಿ ಈ ಊರು ಮುಳುಗಿದಾಗ ಎಲ್ಲರೂ ಕಾರ್ಪೊರೇಷನ್ನನ್ನು ಬೈದೆವು. ಬೈಯಬಾರದೆಂದಲ್ಲ, ಅದರ ಹೊಣೆ ಅದಕ್ಕಿದೆ. ಆದರೆ ಊಟದ ಎಲೆ, ನೀರಿನ ಬಾಟಲಿಗಳನ್ನು ಗೋಡೆಯಾಚೆ ಎಸೆದವರು ಕಾರ್ಪೊರೇಷನ್ನಿನವರಲ್ಲವಲ್ಲ!

ನಾಳೆ ಮಧ್ಯಾರಾಧನೆ, ನಾಡಿದ್ದು ಉತ್ತರಾರಾಧನೆ. ತೀರ್ಥಪ್ರಸಾದಕ್ಕೆ ಬಹಳ ಜನ ಬರುವರು. ಶ್ರಾವಣದ ಮಳೆಯೂ ಬರಬಹುದು. ಬಡಿಸಲು ಹೆಸರು ಕೊಟ್ಟವರು ಅನೇಕರಿದ್ದಾರೆ. ಎಂಜಲೆಲೆಗಳನ್ನು ಬೇರ್ಪಡಿಸಿ ಗಾಡಿಗೆ ತುಂಬಿಸುವ ಪಟ್ಟಿ ಇನ್ನೂ ಖಾಲಿಯಿದೆ. ಪುಸ್ತಕ ಕಾರ್ಯಾಲಯದ ಮೇಜಿನ ಮೇಲಿದೆ. ಗೋತ್ರ ಬರೆಯಬೇಕಾಗಿಲ್ಲ, ಹೆಸರು ಸಾಕು.