ಬಾಗಿಲಾಚೆ ನಿಂತವರು



ಗಾಜುವಾಕದಲ್ಲಿ ಬೆಳಗಿನ ಹೊತ್ತು ಯೋಗಾಸನ ಕಲಿಸುವ ನಾವು ವಾಗ್ಮಿಗಳಲ್ಲ. ಸಂಘದವರ ಅಪ್ಪಣೆ ಮೀರಲಾರದೆ ನಾಲ್ಕು ಮಾತು ಅರಿಕೆ ಮಾಡಿಕೊಳ್ಳುತ್ತೇವೆ. 2025ರ ಜೂನ್ 21ರಂದು ವಿಶಾಖಪಟ್ಟಣದ ಕಡಲ ದಂಡೆಯಲ್ಲಿ ಲಕ್ಷಗಟ್ಟಲೆ ಜನ ಯೋಗಕ್ಕೆ ಕುಳಿತ ನೋಟವನ್ನು ತಾವೂ ಬಲ್ಲಿರಿ. ಅಂದಿನಿಂದ ನಮ್ಮಲ್ಲಿಗೂ ಜನ ಹೆಚ್ಚಿದ್ದಾರೆ. ಮೈಸೂರಿನವರು ಕಲಿಸುತ್ತಾರಂತೆ ಎಂದರೆ ಸಾಕು, ಪರೀಕ್ಷೆಯಿಲ್ಲದೆ ನಮಗೆ ಗುರುಪೀಠ!

ಈ ಮನ್ನಣೆ ನಮ್ಮ ಸಂಪಾದನೆಯಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆ ತೆರೆಯಿತು. ಅಲ್ಲಿ ಕಲಿಸಿದವರು ಚಿತ್ರದುರ್ಗ ಸೀಮೆಯಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು. ಅವರ 'ಯೋಗಮಕರಂದ' 1934ರಲ್ಲಿ ಹೊರಬಂದದ್ದು ಕನ್ನಡದಲ್ಲಿಯೇ. ಅವರ ಶಿಷ್ಯರಾದ ಪಟ್ಟಾಭಿ ಜೋಯಿಸರೂ ಬೆಳ್ಳೂರಿನ ಅಯ್ಯಂಗಾರ್ಯರೂ ಲೋಕಪ್ರಸಿದ್ಧರಾದರು. ಅಯ್ಯಂಗಾರ್ಯರು 1937ರಲ್ಲಿ ಪುಣೆಗೆ ಹೋದಾಗ ಮರಾಠಿಯ ಗಂಧವೂ ಇರಲಿಲ್ಲ. ಪರಸ್ಥಳದ ಆ ಪಾಡು ನಮಗೆಲ್ಲ ಗೊತ್ತಿದ್ದದ್ದೇ. ಆದರೆ ಆ ಶಾಲೆಯ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ವಿದೇಶದ ಇಂದ್ರಾದೇವಿಯವರನ್ನು ಆಚಾರ್ಯರು ಮೊದಲು ಒಲ್ಲೆನೆಂದು, ಮಹಾರಾಜರ ಮಾತಿಗೆ ಒಪ್ಪಿಕೊಂಡರು. ಗದ್ದೆಯ ಕೂಲಿಯವಳಿಗಾಗಿ ಅರಮನೆಯಲ್ಲಿ ಯಾರು ಮಾತನಾಡಿಯಾರು? ಓದುಬರಹದ ಮನೆಯಲ್ಲಿ ಹುಟ್ಟಿ, ಬಿಡುವಾಗಿ ಕುಳಿತು ಕಲಿಯುವ ಭಾಗ್ಯ ನಮಗೆ ದೊರೆಯಿತು, ಅಷ್ಟೆ.

ಈಗ ನಮ್ಮ ನಾಚಿಕೆಯ ಮಾತು. ನಾವು ಕಲಿಸುವ ಕೋಣೆಯನ್ನು ಗುಡಿಸುವ ಹಿರಿಯಾಕೆಯೊಬ್ಬರು ತಿಂಗಳುಗಟ್ಟಲೆ ಬಾಗಿಲಾಚೆ ನಿಂತು ನೋಡುತ್ತಿದ್ದರು. ಒಂದು ದಿನ ನಾವು ದೊಡ್ಡಸ್ತಿಕೆಯಿಂದ, "ನುವ್ವು ಕೂಡಾ ರಾ, ವಂಗಡಂ ನೇರ್ಪಿಸ್ತಾಂ" ಎಂದೆವು. ನೀನೂ ಬಾ, ಬಾಗುವುದನ್ನು ಕಲಿಸುತ್ತೇವೆ ಎಂದು. ಆಕೆ ಮೊಣಕಾಲು ಮಡಿಸದೆ ಬಾಗಿ ಎರಡು ಅಂಗೈಗಳನ್ನೂ ನೆಲಕ್ಕೆ ಊರಿದರು. ನಮ್ಮ ಶಿಷ್ಯರಲ್ಲಿ ಒಬ್ಬರಿಗೂ ಅದು ಬಾರದು. ಬಾಲ್ಯದಿಂದ ಭತ್ತದ ನಾಟಿ ಹಾಕಿದ ನಡುವದು. ಆ ಗದ್ದೆ ಎಲ್ಲಿ ಎಂದು ಕೇಳಿದೆವು. ಉಕ್ಕಿನ ಕಾರ್ಖಾನೆಯ ಕಡೆಗೆ ಕೈ ತೋರಿಸಿ, ಕಸಪೊರಕೆ ಎತ್ತಿಕೊಂಡು ಹೊರಟೇಹೋದರು. ನಾಲ್ಕು ದಿನ ಬರಲಿಲ್ಲ.

ಆ ಕಾರ್ಖಾನೆಗಾಗಿ 1966ರಲ್ಲಿ ಆಂಧ್ರರು ಚಳವಳಿ ಹೂಡಿ ಪ್ರಾಣ ತೆತ್ತರು. 1971ರಲ್ಲಿ ಅಡಿಗಲ್ಲು ಬಿತ್ತು. ಸುತ್ತಣ ಹಳ್ಳಿಗಳು ಎದ್ದುಹೋದವು. ಅದರ ಕೆಲಸ ಹಿಡಿದು ಬಂದ ನಮ್ಮಂಥವರಿಗೆ ಮನೆ, ಸಂಬಳ, ಮಕ್ಕಳ ಶಾಲೆ. ಆಕೆಯ ಹೊಲದ ಮೇಲೆ ನಿಂತು ಆಕೆಗೇ ಬಾಗಲು ಕಲಿಸಹೊರಟಿದ್ದೆವು!

ಅದಕ್ಕಿಂತ ನೊಂದದ್ದು ಆ 'ನುವ್ವು' ಮಾತಿಗೆ. ನಾವು ತೆಲುಗು ಕಲಿತದ್ದು ತರಕಾರಿಯವಳೊಡನೆ, ಕೆಲಸದವಳೊಡನೆ. ಬಾ, ಹೋಗು, ತಾ ಎಂಬ ಏಕವಚನವೇ ನಾಲಿಗೆಗೆ ಮೊದಲು ಹತ್ತಿತು. ನಮ್ಮ ಕನ್ನಡಕ್ಕೆ ಇಲ್ಲಿ ಮರ್ಯಾದೆ ಕೇಳುವ ನಾವೇ!

ಐದನೆಯ ದಿನ ಅವರ ಮನೆಗೆ ಹೋಗಿ, "ಮೀರು ರಂಡಿ" ಎಂದು ಕರೆದೆವು. ಈಗ ಎಣಿಕೆ ತೆಲುಗಿನಲ್ಲಿ ನಡೆಯುತ್ತದೆ. ಆರಂಭದ ಶ್ಲೋಕ ಬೇಕಾದವರಿಗೆ ಮಾತ್ರ. ಅನ್ಯಮತದವರು ಸುಮ್ಮನೆ ಕುಳಿತಿರಬಹುದು. ಇದನ್ನು ಒಪ್ಪದ ಕನ್ನಡ ಮಿತ್ರರೂ ಇದ್ದಾರೆ, ಇರಲಿ. ಮುಂದಕ್ಕೆ ಬಾಗುವ ಆಸನದಲ್ಲಿ ಆಕೆ ಮೊದಲ ಸಾಲಿನಲ್ಲಿ, ನಾವು ಹಿಂದೆ. ಶುಲ್ಕ ಬೇಡವೆಂದರೆ ಕೇಳಲಿಲ್ಲ. ತಿಂಗಳಿಗೊಮ್ಮೆ ಹಿತ್ತಲಿನ ನುಗ್ಗೆಕಾಯಿ ತಂದು ಕಿಟಕಿಯ ಮೇಲೆ ಇಟ್ಟುಹೋಗುತ್ತಾರೆ.