ಊರಾಚೆಯ ನಿವೇಶನ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ನಮ್ಮ ಹಿರಿಯರು ಹೇಳಿದರೇ ಹೊರತು, ಮನೆಯನ್ನು ಎಲ್ಲಿ ಕಟ್ಟಬೇಕೆಂಬುದನ್ನು ಹೇಳಲಿಲ್ಲ. ಹೇಳುವ ಅಗತ್ಯವೂ ಅವರಿಗೆ ತೋರಿರಲಾರದು. ಊರು ಇದ್ದ ಕಡೆ ಮನೆ. ಬಾವಿ, ದೇವಸ್ಥಾನ, ನೆರೆಹೊರೆ ಎಲ್ಲವೂ ಮೊದಲೇ ಸಿದ್ಧವಾಗಿರುತ್ತಿದ್ದವು. ಇಂದು ಆ ಕ್ರಮವೇ ತಿರುಗುಮುರುಗಾಗಿದೆ: ಮನೆ ಮೊದಲು, ಊರು ಅನಂತರ. ಊರು ಇನ್ನೂ ಬಂದಿರದ ಕಡೆ ಮನೆಯನ್ನು ಕಟ್ಟಿಕೊಂಡು, ಊರಿನ ಬರವನ್ನು ಕಾಯುತ್ತ ಕುಳಿತಿರಬಹುದೇ ಎಂಬುದು ಕಳೆದ ಒಂದು ವರ್ಷದಿಂದ ನಮ್ಮ ಮನೆಯಲ್ಲಿ ನಡೆದಿರುವ ಚರ್ಚೆ. ಕೇಳುಗರಲ್ಲಿ ಅನೇಕರ ಮನೆಗಳಲ್ಲಿಯೂ ಇದೇ ಚರ್ಚೆ ನಡೆಯುತ್ತಿರಬಹುದೆಂಬ ಧೈರ್ಯದಿಂದ ಅದನ್ನು ತಮ್ಮ ಮುಂದಿಡುತ್ತಿದ್ದೇನೆ.

ನನ್ನ ಸ್ಥಿತಿಯನ್ನು ಮೊದಲು ಹೇಳಿಬಿಡುವುದು ಒಳ್ಳೆಯದು. ನಾನು ಮೈಸೂರಿನ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವವನು, ವಯಸ್ಸು ನಲವತ್ತೇಳು. ನನ್ನ ತಂದೆಯವರು ಜೀವಮಾನದಲ್ಲಿ ಒಂಬತ್ತು ಬಾಡಿಗೆಯ ಮನೆಗಳನ್ನು ಕಂಡು, ಒಂಬತ್ತನೆಯದರಲ್ಲಿ ತೀರಿಕೊಂಡರು. ಆ ಮನೆಯ ಯಜಮಾನರು ಸಜ್ಜನರು. ಆದರೂ ಉತ್ತರಕ್ರಿಯೆಯನ್ನು ಮನೆಯಲ್ಲಿಯೇ ನಡೆಸಬಹುದೇ ಎಂದು ಅವರನ್ನು ಕೇಳಬೇಕಾಗಿ ಬಂತು. ಹಾಗೆ ಕೇಳುವುದಕ್ಕಾಗಿ ಅವರ ಮಹಡಿಯ ಮೆಟ್ಟಿಲನ್ನು ಹತ್ತಿದ್ದು ನನಗೆ ಇಂದಿಗೂ ಮರೆತಿಲ್ಲ. ಅವರು ಒಂದು ಕ್ಷಣವೂ ಯೋಚಿಸದೆ ಒಪ್ಪಿದರು. ಆದರೆ ಒಪ್ಪದೆ ಇರುವ ಅಧಿಕಾರವೂ ಅವರಿಗಿತ್ತು. ಸ್ವಂತ ಮನೆಯ ವಿಷಯದಲ್ಲಿ ನನಗಿರುವ ಹಟದ ಬೇರು ಆ ಮೆಟ್ಟಿಲಿನ ಮೇಲಿದೆ.

ಈಗ ನಾವಿರುವುದು ಸರಸ್ವತೀಪುರದ ಒಂದು ಹಳೆಯ ಮನೆಯಲ್ಲಿ. ಅದನ್ನು ಕೆಡವಿ ನಾಲ್ಕು ಅಂತಸ್ತಿನ ಕಟ್ಟಡವನ್ನೆಬ್ಬಿಸಬೇಕೆಂದು ಮನೆಯವರ ಮಕ್ಕಳು ಗೊತ್ತುಮಾಡಿದ್ದಾರೆ. ಮುಂದಿನ ವರ್ಷದ ಯುಗಾದಿಯೊಳಗೆ ನಾವು ಬಿಡಬೇಕು. ಎಂಟು ವರ್ಷಗಳ ಹಿಂದೆ, ಸಹೋದ್ಯೋಗಿಗಳೆಲ್ಲ ಕೊಳ್ಳುತ್ತಿದ್ದಾಗ ನಾನೂ ಭವಿಷ್ಯನಿಧಿಯ ಹಣವನ್ನು ತೆಗೆದು, ಹುಣಸೂರು ರಸ್ತೆಯಲ್ಲಿ ಇಲವಾಲದ ಸಮೀಪದ ಒಂದು ಬಡಾವಣೆಯಲ್ಲಿ 30 ಅಡಿ ಅಗಲ 40 ಅಡಿ ಉದ್ದದ ನಿವೇಶನವೊಂದನ್ನು ಕೊಂಡಿದ್ದೆ. ಬಡಾವಣೆಯ ಹೆಸರಿನಲ್ಲಿ ‘ಗಾರ್ಡನ್’ ಎಂಬ ಮಾತುಂಟು. ಅಲ್ಲಿದ್ದ ಮಾವಿನ ತೋಪನ್ನು ಕಡಿದ ಮೇಲೆ ಇಟ್ಟ ಹೆಸರದು.

ಇಲವಾಲದ ಮಾತು ಬಂದಾಗ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ವಿನೋಬಾ ಭಾವೆಯವರ ಗ್ರಾಮದಾನ ಚಳವಳಿಯನ್ನು ಕುರಿತು ವಿಚಾರಮಾಡಲು ದೇಶದ ನಾಯಕರು 1957ರ ಸೆಪ್ಟೆಂಬರಿನಲ್ಲಿ ಸಭೆ ಸೇರಿದ್ದು ಈ ಇಲವಾಲದಲ್ಲಿಯೇ. ನೆಹರೂ ಅವರೂ ಬಂದಿದ್ದರು. ಭೂಮಿ ಒಬ್ಬೊಬ್ಬರದಾಗಿರದೆ ಊರಿಗೆಲ್ಲ ಸೇರಿದ್ದಾಗಬೇಕೆಂಬ ವಿಚಾರ ಅಲ್ಲಿ ನಡೆಯಿತು. ಆ ನೆಲದ ಆಸುಪಾಸಿನಲ್ಲಿ ಇಂದು ಮಣ್ಣನ್ನು ಚದರಡಿಯ ಲೆಕ್ಕದಲ್ಲಿ ಅಳೆದು ಮಾರುತ್ತಿದ್ದಾರೆ, ನಾನು ಕೊಂಡಿದ್ದೇನೆ. ಇದನ್ನು ಹಾಸ್ಯವೆನ್ನಬೇಕೋ ಮತ್ತೇನೆನ್ನಬೇಕೋ ತಿಳಿಯದು.

ನಿವೇಶನವನ್ನು ನೋಡುವುದಕ್ಕೆ ಮಾರುವವನು ಆರಿಸುವ ಹೊತ್ತೊಂದುಂಟು. ಅದು ಭಾನುವಾರದ ಬೆಳಗಿನ ಹತ್ತು ಗಂಟೆ. ಎಳೆಬಿಸಿಲು, ಪಕ್ಕದಲ್ಲಿ ರಾಗಿಯ ಹೊಲ, ಮೈಗೆ ತಂಗಾಳಿ. ಆ ಹೊತ್ತಿನಲ್ಲಿ ನೋಡಿದ ಯಾವ ಜಾಗವೂ ಕೆಟ್ಟದ್ದೆಂದು ತೋರುವುದಿಲ್ಲ. ಕಟ್ಟುವ ಯೋಚನೆ ಬಂದಮೇಲೆ ನಾನು ಬೇರೆ ಬೇರೆ ಹೊತ್ತಿನಲ್ಲಿ ಹೋಗಿ ನೋಡಿದೆ. ಕೆಲಸದ ದಿನವೊಂದರ ಸಂಜೆ ಏಳೂವರೆಗೆ ಬಸ್ಸಿನಿಂದಿಳಿದರೆ, ಹೆದ್ದಾರಿಯಿಂದ ಬಡಾವಣೆಗೆ ಒಂದೂವರೆ ಕಿಲೋಮೀಟರು ನಡೆಯಬೇಕು. ಎಂಟು ಕಂಬಗಳಲ್ಲಿ ಎರಡರಲ್ಲಿ ಮಾತ್ರ ದೀಪ. ನಾಯಿಗಳಿಗೆ ನನ್ನ ಪರಿಚಯವಿರಲಿಲ್ಲ. ಅದನ್ನು ಅವು ಮುಚ್ಚಿಡಲೂ ಇಲ್ಲ.

ಇನ್ನೊಮ್ಮೆ, ಕಳೆದ ಅಕ್ಟೋಬರಿನ ದೊಡ್ಡ ಮಳೆಯ ಮಾರನೆಯ ದಿನ ಹೋದೆ. ಕೊಳ್ಳುವವರಿಗೆ ನಾನು ಕೊಡಬಹುದಾದ ಸಲಹೆ ಒಂದೇ ಆಗಿದ್ದರೆ, ಅದು ಮಳೆಯ ಮರುದಿನ ಹೋಗಿ ನೋಡಿ ಎಂಬುದು. ಬಡಾವಣೆಯ ರಸ್ತೆಗಳ ಇಕ್ಕೆಲದಲ್ಲಿಯೂ ಅಚ್ಚುಕಟ್ಟಾದ ಚರಂಡಿಗಳಿವೆ. ಅವುಗಳಲ್ಲಿ ಒಂದನ್ನು ಹಿಡಿದು ಇಳಿಜಾರಿನಲ್ಲಿ ನಡೆದೆ. ಕೊನೆಯ ನಿವೇಶನದ ಕಲ್ಲಿನ ಬಳಿ ಚರಂಡಿ ನಿಂತುಹೋಯಿತು. ಅದರಾಚೆ ಕತ್ತಾಳೆಯ ಬೇಲಿ, ಬೇಲಿಯಾಚೆ ರೈತನೊಬ್ಬನ ಹೊಲ, ಹೊಲದ ಕೆಳಗೆ ಕೆರೆ. ಹನ್ನೊಂದು ಮನೆಗಳ ಬಚ್ಚಲು ನೀರು ಆ ಹೊಲದಲ್ಲಿ ನಿಂತಿತ್ತು. ಎಂಟು ವರ್ಷಗಳ ಹಿಂದೆ, ಈ ಚರಂಡಿ ಎಲ್ಲಿಗೆ ಹೋಗುತ್ತದೆಂದು ನಾನು ಕೇಳಿದ್ದು ಜ್ಞಾಪಕಕ್ಕೆ ಬಂತು. ‘ಮುಂದಕ್ಕೆ ಹೋಗುತ್ತೆ ಸಾರ್’ ಎಂದು ಮಾರಿದವರು ಹೇಳಿದ್ದರು. ಅವರು ಸುಳ್ಳು ಹೇಳಿರಲಿಲ್ಲ.

ಈ ಸಂಸ್ಥಾನದಲ್ಲಿ ಹೊಸ ಬಡಾವಣೆಗಳು ಹುಟ್ಟಿದ ಬಗೆ ಒಮ್ಮೆ ಬೇರೆಯಾಗಿತ್ತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ, ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರಕ್ಕೆ ತರಬೇಕೆಂದು ಬಸವನಗುಡಿ, ಮಲ್ಲೇಶ್ವರಗಳನ್ನು ಬೆಳೆಸಿದರು. ಮೈಸೂರಿನಲ್ಲಿ ಅದೇ ಉದ್ದೇಶದಿಂದ ನಗರಾಭಿವೃದ್ಧಿಯ ಟ್ರಸ್ಟ್ ಬೋರ್ಡು 1903ರಲ್ಲಿ ಏರ್ಪಟ್ಟಿತು. ಗಾಳಿ ಬೆಳಕು ಹೇಗೆ ಬರಬೇಕು, ಕೊಳೆ ಹೇಗೆ ಹೊರಗೆ ಹೋಗಬೇಕು ಎಂಬುದು ಆ ಕಾಲದವರ ಮೊದಲ ಚಿಂತೆ. ಹಳೆಯ ಎಕ್ಸ್‌ಟೆನ್ಷನ್ನುಗಳಲ್ಲಿ ಎರಡು ಸಾಲು ಮನೆಗಳ ಹಿತ್ತಿಲ ನಡುವೆ ಇಂದಿಗೂ ಕಾಣುವ ಕಿರಿದಾದ ಓಣಿಗಳು ಆ ಚಿಂತೆಯ ಗುರುತು. ಸಾವಿನ ಭಯವು ಅವರಿಗೆ ಚರಂಡಿಯ ಕೊನೆಯನ್ನು ಯೋಚಿಸುವ ಬುದ್ಧಿಯನ್ನು ಕೊಟ್ಟಿತು. ನಮಗಿರುವುದು ಬೆಲೆ ಏರಿಬಿಟ್ಟೀತೆಂಬ ಭಯ. ಅದು ಚರಂಡಿಯ ಆರಂಭವನ್ನಷ್ಟೇ ನೋಡುತ್ತದೆ.

ಆದರೂ ಹಿಂದಿನ ಕಾಲವನ್ನು ಅತಿಯಾಗಿ ಹೊಗಳುವುದು ನನ್ನಂಥ ಅಧ್ಯಾಪಕರ ದುರಭ್ಯಾಸ. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ‘ಆಕಾಶವಾಣಿ’ಯನ್ನು ಆರಂಭಿಸಿದ್ದು ಒಂಟಿಕೊಪ್ಪಲಿನ ತಮ್ಮ ಮನೆಯಲ್ಲಿ. ಒಂಟಿಕೊಪ್ಪಲು! ಹೆಸರನ್ನು ಕೇಳಿದರೆ ಬಯಲಿನ ನಡುವೆ ಒಂಟಿಯಾಗಿ ನಿಂತ ಕೊಪ್ಪಲೊಂದು ಕಣ್ಣಿಗೆ ಕಟ್ಟುತ್ತದೆ. ಇಂದು ಅದು ನಗರದ ಒಳಗೇ ಇದೆ. ಅಲ್ಲಿ ನಿವೇಶನವನ್ನು ಕೊಳ್ಳುವ ಮಾತನ್ನು ನಾನು ಕನಸಿನಲ್ಲಿಯೂ ಆಡಲಾರೆ. ಊರಂಚಿನ ಜಾಗಕ್ಕೆ ಯಾರೋ ಮೊದಲು ಹೋಗಿದ್ದರಿಂದಲೇ ಅದು ಊರಾಯಿತು.

ಕಾಗದಪತ್ರಗಳ ವಿಷಯದಲ್ಲಿ ಹೆಚ್ಚು ಹೇಳಲಾರೆ. ಹೊಲವನ್ನು ವಾಸದ ನೆಲವನ್ನಾಗಿ ಮಾಡಲು 1964ರ ಭೂಕಂದಾಯ ಕಾಯಿದೆಯಂತೆ ಸಾಮಾನ್ಯವಾಗಿ ಪರಿವರ್ತನೆಯ ಆಜ್ಞೆ ಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರಕಾರ ಮಂಜೂರುಮಾಡಿದ ನೆಲವನ್ನು ಅನುಮತಿಯಿಲ್ಲದೆ ಪರಭಾರೆ ಮಾಡಿದ್ದರೆ, 1978ರ ಕಾಯಿದೆಯಂತೆ ಆ ಕ್ರಯ ಊರ್ಜಿತವಲ್ಲ. ನೂರು ರೂಪಾಯಿನ ತರಕಾರಿಯನ್ನು ತಿರುಗಿಸಿ ತಿರುಗಿಸಿ ನೋಡುವ ನಾವು ಇದನ್ನು ನೋಡದೆ ಜೀವಮಾನದ ಉಳಿತಾಯವನ್ನು ಸುರಿಯುತ್ತೇವೆ. ನನ್ನ ಪತ್ರಗಳನ್ನು ವಕೀಲರೊಬ್ಬರು ನೋಡಿ ಸರಿಯಿದೆಯೆಂದರು. ಇದು ನನ್ನ ಜಾಣ್ಮೆಯಲ್ಲ, ಅದೃಷ್ಟ.

ನೀರಿನ ವಿಷಯಕ್ಕೆ ಬರುತ್ತೇನೆ. ಕೃಷ್ಣರಾಜಸಾಗರ ಅಲ್ಲಿಂದ ಬಹುದೂರವೇನಲ್ಲ. ಆದರೂ ನಮ್ಮ ಬಡಾವಣೆಗೆ ಕಾವೇರಿಯ ಕೊಳಾಯಿ ಇನ್ನೂ ಬಂದಿಲ್ಲ. ಇರುವುದು ಒಂದು ಕೊಳವೆಬಾವಿ. ಅದರ ನೀರು ಗಡುಸು. ಕಾಯಿಸಿದ ಪಾತ್ರೆಯ ತಳದಲ್ಲಿ ಸುಣ್ಣ ಹಿಡಿಯುತ್ತದೆ. ಬೇಸಗೆಯಲ್ಲಿ ಟ್ಯಾಂಕರನ್ನು ಕರೆಸಬೇಕು. ಒಂದು ರಾತ್ರಿ ಕಾಗದ ಪೆನ್ಸಿಲು ಹಿಡಿದು ನಾನೂ ಮಗನೂ ಲೆಕ್ಕಕ್ಕೆ ಕುಳಿತೆವು. ಮೈಸೂರಿನಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರು ಮಳೆ. ನಮ್ಮ ಮನೆಯ ತಾರಸಿ 800 ಚದರಡಿಯಾದರೆ, ಸೋರಿ ಆವಿಯಾಗಿ ಹೋದದ್ದನ್ನು ಕಳೆದು, 47,000 ಲೀಟರಿನಷ್ಟು ನೀರು ಸಿಕ್ಕೀತು. ತಲೆಗೆ ದಿನಕ್ಕೆ 135 ಲೀಟರಿನಂತೆ ನಾಲ್ವರಿಗೆ 540. ಹಾಗಾದರೆ ಆಕಾಶದ ನೀರು ಎಂಬತ್ತೇಳು ದಿನಗಳಿಗೆ ಸಾಕು, ಅದೂ ಅಷ್ಟನ್ನೂ ಹಿಡಿದಿಡುವ ತೊಟ್ಟಿ ಇದ್ದರೆ. ಮಿಕ್ಕ ಇನ್ನೂರ ಎಪ್ಪತ್ತೆಂಟು ದಿನಗಳ ಗತಿಯೇನೆಂದು ಮಗ ಕೇಳಿದ. ‘ಅದಕ್ಕೇ ಅಡ್ಡಪಂಕ್ತಿ ಎಳೆದು ಮಲಗೋಣ’ ಎಂದೆ.

ಅಲ್ಲಿ ಮೊಟ್ಟಮೊದಲು ಮನೆ ಕಟ್ಟಿದವರು ನಿವೃತ್ತ ಶಾಲಾ ಮೇಷ್ಟರೊಬ್ಬರು. ಮಳೆಯ ಮರುದಿನ ನಾನು ಕೊಡೆ ಹಿಡಿದು ಚರಂಡಿಯನ್ನು ನೋಡುತ್ತ ನಿಂತಿದ್ದಾಗ, ಕರೆದು ಕೂರಿಸಿ ಕಾಫಿ ಕೊಟ್ಟರು.

‘ಮೊದಲನೇ ವರ್ಷ ನಾವಿಬ್ಬರೇ ಸ್ವಾಮಿ. ರಾತ್ರಿಯೆಲ್ಲ ದೀಪ ಹಾಕಿಕೊಂಡೇ ಮಲಗ್ತಿದ್ವಿ. ಆ ಎರಡು ದೀಪ ಬರೋದಕ್ಕೆ ಪಂಚಾಯಿತಿಗೆ ಹದಿನಾಲ್ಕು ಅರ್ಜಿ ಕೊಟ್ಟಿದ್ದೀನಿ’ ಎಂದರು.

‘ಎಲ್ಲರೂ ಸೇರಿ ಕೇಳಿದರೆ ಬೇಗ ಆಗುವುದಿಲ್ಲವೇ?’ ಎಂದೆ.

‘ಎಲ್ಲರೂ ಅಂದರೆ ಯಾರು? ಇಲ್ಲಿ ಸೈಟು ಕೊಂಡೋರು ಅರವತ್ತು ಜನ. ಅರ್ಜಿಗೆ ರುಜು ಹಾಕೋರು ಹನ್ನೊಂದು ಜನ. ಮಿಕ್ಕವರೆಲ್ಲ ನಾವು ದೀಪ ತರಿಸಿ, ನೀರು ತರಿಸಿ, ರೇಟು ಏರಲಿ ಅಂತ ಕಾಯ್ತಿದ್ದಾರೆ.’

ನಾನು ಕಾಫಿಯ ಲೋಟದೊಳಗೆ ನೋಡಿದೆ. ಆ ನಲವತ್ತೊಂಬತ್ತು ಜನರಲ್ಲಿ ನಾನೂ ಒಬ್ಬ. ಎಂಟು ವರ್ಷಗಳಿಂದ, ಬಡಾವಣೆ ಬೆಳೆಯಲಿ ಆಮೇಲೆ ನೋಡೋಣ ಎಂದು ಮನೆಯಲ್ಲಿ ಹೇಳುತ್ತ ಬಂದವನು. ನನ್ನ ಖಾಲಿ ನಿವೇಶನದಲ್ಲಿ ಪಾರ್ಥೇನಿಯಂ ಆಳೆತ್ತರ ಬೆಳೆದು, ಪಕ್ಕದ ಮನೆಯ ಮಗುವಿಗೆ ಉಬ್ಬಸ ಬರುತ್ತದೆಂದು ಅಂದೇ ತಿಳಿಯಿತು. ನಾವೆಲ್ಲ ಬಡಾವಣೆ ಬೆಳೆಯಲೆಂದು ಕಾಯುತ್ತಿದ್ದೇವೆ. ನಾವು ಕಾಯುತ್ತಿರುವುದರಿಂದಲೇ ಅದು ಬೆಳೆಯುತ್ತಿಲ್ಲ.

ಹಾಗೆಂದ ಮಾತ್ರಕ್ಕೆ ನಾಳೆಯೇ ಗುದ್ದಲಿಪೂಜೆ ಮಾಡಬಹುದೇ? ಅಂಥ ಜಾಗ ಊರಾಗುವುದಕ್ಕೆ ಹತ್ತು ವರ್ಷ ಬೇಕೆನ್ನೋಣ. ಈ ಹತ್ತು ವರ್ಷ ಮನೆಯ ಎಲ್ಲರಿಗೂ ಒಂದೇ ಅಲ್ಲ. ನನಗೆ ಅದು ನಿವೃತ್ತಿಯವರೆಗಿನ ದಾರಿ, ಹೇಗೋ ಸಾಗುತ್ತದೆ. ಹದಿಮೂರು ವರ್ಷದ ಮಗನಿಗೆ ಅದು ಗೆಳೆಯರೊಡನೆ ಸೈಕಲ್ಲಿನಲ್ಲಿ ಬೀದಿ ಸುತ್ತುವ ಕಾಲ. ನನ್ನ ಪತ್ನಿ ಒಂದು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸಮಾಡುತ್ತಾಳೆ. ಈಗ ನಡೆದು ಹೋಗುವವಳು ಆಗ ದಿನಕ್ಕೆ ಎರಡು ಗಂಟೆಯನ್ನು ಬಸ್ಸಿಗೆ ತೆರಬೇಕು. ಸ್ವಂತ ಮನೆಯ ಹೆಮ್ಮೆ ನನ್ನದು, ಬಸ್ಸಿನ ಕಂಬಿ ಆಕೆಯದು. ಇದನ್ನು ಆಕೆ ನನಗಿಂತ ಸ್ಪಷ್ಟವಾದ ಮಾತುಗಳಲ್ಲಿ ಹೇಳಿದಳು.

ಇನ್ನು ನನ್ನ ತಾಯಿ. ಅವರಿಗೆ ಎಪ್ಪತ್ತೆಂಟು. ಹತ್ತು ವರ್ಷದ ಲೆಕ್ಕವನ್ನು ಅವರ ಮುಂದೆ ಇಡುವುದಕ್ಕೇ ನನಗೆ ನಾಲಿಗೆ ಬರಲಿಲ್ಲ. ಅವರ ಪ್ರಪಂಚವೆಂದರೆ ಎದುರು ಮನೆಯವರು, ಹೂವಿನವಳು, ಬೀದಿಯ ಕೊನೆಯ ಔಷಧದ ಅಂಗಡಿ, ಸಂಜೆಯ ದೇವಸ್ಥಾನ. ಅವರನ್ನು ಕರೆದುಕೊಂಡು ಹೋಗಿ ಜಾಗವನ್ನು ತೋರಿಸಿದೆ. ಸುತ್ತಲೂ ನೋಡಿ, ‘ಬಯಲು ಚೆನ್ನಾಗಿದೆ ಕಣಪ್ಪ. ರಾತ್ರಿ ನನಗೆ ಉಸಿರು ಹಿಡಿದುಕೊಂಡರೆ ಡಾಕ್ಟರು ಎಲ್ಲಿಂದ ಬರಬೇಕು?’ ಎಂದರು. ನಾನು ಕಾರು, ಆ್ಯಂಬುಲೆನ್ಸು ಎಂದು ಏನೇನೋ ಹೇಳಿದೆ. ಅವರು ಕೇಳಿಸಿಕೊಂಡರು, ಒಪ್ಪಿದಂತೆ ತೋರಲಿಲ್ಲ.

ವಾಪಸು ಬರುವಾಗ ಕಾರಿನಲ್ಲಿ ಬಹಳ ಹೊತ್ತು ಸುಮ್ಮನಿದ್ದರು. ಹಿನಕಲ್ ದಾಟಿದ ಮೇಲೆ ಹೇಳಿದರು: ‘ನಿಮ್ಮ ತಂದೆ ಹೋದಾಗ ನೀನು ಮಹಡಿಗೆ ಹೋಗಿ ಕೇಳಿ ಬಂದೆಯಲ್ಲ, ಅದು ನನಗೂ ಗೊತ್ತು. ನನ್ನ ಸರದಿಗೆ ನೀನು ಯಾರನ್ನೂ ಕೇಳೋದು ಬೇಡ. ಆದರೆ ನನಗೆ ಬೀದಿ ಕಡೆ ರೂಮು ಕೊಡು. ಹಿಂದುಗಡೆ ಹಾಕಬೇಡ.’

ಇದನ್ನು ಅವರ ಒಪ್ಪಿಗೆಯೆಂದು ಎಣಿಸಲು ನನಗೆ ಇಂದಿಗೂ ಧೈರ್ಯವಿಲ್ಲ. ನನಗಾಗಿ ಅವರು ಮಾಡಿಕೊಂಡ ರಾಜಿ ಇರಬಹುದು. ಅಂತೂ ನಕ್ಷೆಯನ್ನು ಬದಲಾಯಿಸಿದೆವು. ಮುಂಭಾಗದಲ್ಲಿ ಕಾರು ನಿಲ್ಲಿಸಲು ಇಂಜಿನಿಯರು ಗುರುತು ಮಾಡಿದ್ದ ಜಾಗದಲ್ಲಿ ಈಗ ತಾಯಿಯವರ ಕೋಣೆ, ಅದರ ಮುಂದೆ ಕಿರಿದಾದೊಂದು ಜಗಲಿ. ತಳಪಾಯ ರಸ್ತೆಯಿಂದ ಎರಡೂವರೆ ಅಡಿ ಎತ್ತರ. ನೆಲದ ಕೆಳಗೆ 12,000 ಲೀಟರಿನ ತೊಟ್ಟಿ. ಮಹಡಿಯ ಆಸೆಯನ್ನು ಬಿಟ್ಟೆವು. ಬ್ಯಾಂಕಿನ ಸಾಲ ಅಷ್ಟು ದೂರ ಬರುವುದಿಲ್ಲ. ಪತ್ನಿಯ ಷರತ್ತುಗಳು ಎರಡು: ಟ್ಯಾಂಕರಿಗಾಗಿ ಕಾಯುವವನು ನಾನು, ಕಾಲೇಜಿನಿಂದ ನಾಲ್ಕಕ್ಕೇ ಬರುವವನಾದ್ದರಿಂದ ರಾತ್ರಿಯ ಅಡಿಗೆಯೂ ನನ್ನದು. ಎರಡಕ್ಕೂ ಒಪ್ಪಿದ್ದೇನೆ.

ನಕ್ಷೆಯನ್ನು ಬರುವ ಸೋಮವಾರ ಮಂಜೂರಾತಿಗೆ ಸಲ್ಲಿಸುವುದೆಂದು ಗೊತ್ತಾಗಿದೆ. ಪಾರ್ಥೇನಿಯಂ ಕೀಳಿಸಿಯಾಯಿತು. ಮೇಷ್ಟರು ಈಗ ಚರಂಡಿಯ ಬಗ್ಗೆ ಹೊಸ ಅರ್ಜಿಯೊಂದನ್ನು ಬರೆದಿದ್ದಾರೆ. ಕಳೆದ ಭಾನುವಾರ ಹೋಗಿ ಅದಕ್ಕೆ ರುಜು ಹಾಕಿ ಬಂದೆ. ಹನ್ನೆರಡನೆಯದು ನನ್ನದು.